ಹಣ್ಣಾದ ಹೆಗಲು

ಗಂಜ್ ಎಂಬ ಕಾಳಿನ ಪೇಟೆಯ ಹಮಾಲರಲ್ಲಿ ಒಂದು ಮಾತಿತ್ತು. ಹೊಸಬನ ಹೆಗಲು ಮೂರು ಸಲ ಹಣ್ಣಾಗಬೇಕು. ಆಮೇಲೆ ಅದು ಚರ್ಮವಲ್ಲ, ಚಕ್ಕಳ. ಮೊದಲ ಸಲ ಸಣ್ಣ ಗುಳ್ಳೆ ಏಳುತ್ತವೆ, ಎರಡನೆಯ ಸಲ ಕೀವು ಕಟ್ಟುತ್ತದೆ, ಮೂರನೆಯ ಸಲ ಒಡೆದು ಒಣಗಿ ಹೆಗಲು ಗಟ್ಟಿಯಾಗುತ್ತದೆ. ಅಲ್ಲಿಯತನಕ ಹಮಾಲರ ಮೇಲಿನ ಮುಕಾದಮ ದತ್ತಪ್ಪ ಯಾರನ್ನೂ ಪೂರಾ ಹಮಾಲನೆಂದು ಒಪ್ಪುತ್ತಿರಲಿಲ್ಲ.

ಮರೆಪ್ಪನ ಹೆಗಲು ಒಂದೂವರೆ ವರ್ಷದಲ್ಲಿ ಮೂರಲ್ಲ, ಮೂವತ್ತು ಸಲ ಹಣ್ಣಾಗಿತ್ತು. ಚಕ್ಕಳ ಮಾತ್ರ ಆಗಲೇ ಇಲ್ಲ. ಕುತ್ತಿಗೆಯ ಬುಡದಿಂದ ರಟ್ಟೆಯವರೆಗೆ, ಹಿಂದೆ ಬೆನ್ನಿನ ಅರ್ಧದವರೆಗೆ, ತೊಗರಿಕಾಳು ಚೆಲ್ಲಿದ ಹಾಗೆ ಮೊಡವೆ. ಕೆಲವು ಕಪ್ಪು ತಲೆಯವು, ಕೆಲವು ಕೆಂಪಗೆ ಊದಿ ತುದಿಯಲ್ಲಿ ಕೀವು ಹೊತ್ತವು. ಚೀಲ ಎತ್ತಿದಾಗ ಒಂದೆರಡು ಒಡೆದು ಅಂಗಿಗೆ ಅಂಟುತ್ತಿದ್ದವು. ಸಂಜೆ ಅಂಗಿ ಬಿಚ್ಚುವಾಗ ಚರ್ಮವೇ ಸುಲಿದು ಬಂದ ಹಾಗಾಗುತ್ತಿತ್ತು.

ಇದಕ್ಕೆ ಗಂಜಿನಲ್ಲಿ ಗೊತ್ತಿದ್ದದ್ದು ಜಾಲಿಮುಳ್ಳು ಮತ್ತು ಎಣ್ಣೆ. ಮುಳ್ಳಿನಿಂದ ಚುಚ್ಚಿ ಕೀವು ಹಿಂಡಬೇಕು, ಇಟ್ಟಂಗಿ ಚೂರಿನಿಂದ ತಿಕ್ಕಬೇಕು, ಮೇಲೆ ಎಣ್ಣೆ ಸುರಿದು ತೀಡಬೇಕು. ಹೆಗಲಿಗೆ ಹಾಕಿಕೊಳ್ಳುವ ಗೋಣಿತುಂಡನ್ನು ಮಾತ್ರ ಎಂದೂ ತೊಳೆಯಬಾರದು. ಅದು ಹಳೆಯ ಹಮಾಲನಿಂದ ಹೊಸಬನಿಗೆ ಇಳಿದು ಬರುವ ಆಸ್ತಿ. ತೊಳೆದರೆ ಅದರ ಬರಕತ್ತು ಹೋಗುತ್ತದೆ. ಮರೆಪ್ಪನ ಗೋಣಿ ಅವನಿಗಿಂತ ಮೊದಲು ಇಬ್ಬರ ಬೆವರು ಕುಡಿದಿತ್ತು. ಬಿಸಿಲಿಗೆ ಒಣಗಿದರೆ ರೊಟ್ಟಿಯ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು.

ಎಣ್ಣೆ ತೀಡುವುದು ಅಂಬಮ್ಮನ ಕೆಲಸವಾಗಿತ್ತು. ಅಂಬಮ್ಮ ಅವನ ಹೆಂಡತಿ, ಸ್ವಂತ ಅಕ್ಕ ಮಾನಮ್ಮನ ಮಗಳು. ಲಗ್ನದ ಮೊದಲು ಮಾಮಾ ಎನ್ನುತ್ತಿದ್ದವಳು ಲಗ್ನವಾದ ಮೇಲೂ ಮಾಮಾ ಎಂದೇ ಕರೆಯುತ್ತಿದ್ದಳು. ಕಲಬುರ್ಗಿಯಲ್ಲಿ ಹುಮನಾಬಾದ ರಸ್ತೆಯ ಬದಿಗೆ ಅವರದೊಂದು ಕೋಣೆ. ದಿನಾ ಸಂಜೆ ಅವನನ್ನು ಹೊಸ್ತಿಲ ಮೇಲೆ ಕೂರಿಸಿ, ಕುಸುಬಿ ಎಣ್ಣೆಗೆ ಅರಿಶಿನ, ಬೆಳ್ಳುಳ್ಳಿ, ಅಜವಾನ ಹಾಕಿ ಕಾಸಿ, ಬೆಚ್ಚಗಿರುವಾಗಲೇ ಎರಡೂ ಹೆಗಲಿಗೆ ತೀಡುತ್ತಿದ್ದಳು. ತೀಡುತ್ತ ಅವತ್ತಿನ ಸುದ್ದಿಯೆಲ್ಲ ಹೇಳುತ್ತಿದ್ದಳು: ಪಕ್ಕದ ಮನೆಯ ಕೋಳಿ ತಮ್ಮ ಒಲೆಯಲ್ಲಿ ಮೊಟ್ಟೆ ಇಟ್ಟದ್ದು, ಬಾವಿಯ ಹತ್ತಿರ ಇಬ್ಬರು ಕೊಡಕ್ಕಾಗಿ ಜುಟ್ಟು ಹಿಡಿದದ್ದು. ಅವಳ ಹೆಬ್ಬೆರಳು ಕುತ್ತಿಗೆಯ ಹಿಂದಿನ ಗಂಟಿಗೆ ಬಂದಾಗ ಮರೆಪ್ಪ ಕಣ್ಣು ಮುಚ್ಚುತ್ತಿದ್ದ. ಸುದ್ದಿ ಅರ್ಧ ಕಿವಿಗೆ ಬೀಳುತ್ತಿತ್ತು, ಅರ್ಧ ಬೀಳುತ್ತಿರಲಿಲ್ಲ.

ಏಳು ತಿಂಗಳು ತುಂಬಿದಾಗ ಅವಳು ಚೊಚ್ಚಲ ಬಾಣಂತನಕ್ಕೆ ಕಮಲಾಪುರದ ತವರಿಗೆ ಹೋದಳು. ಶ್ರಾವಣದಲ್ಲಿ ಹೆಣ್ಣು ಹುಟ್ಟಿತು. ತೊಟ್ಟಿಲಿಗೆ ಹಾಕಿ ನೀಲಗಂಗಮ್ಮ ಎಂದು ಹೆಸರಿಡುವ ದಿನ ಮರೆಪ್ಪ ಹೋದ. ಹಿತ್ತಲಲ್ಲಿ ಅಂಗಿ ತೆಗೆದು ಜಳಕಕ್ಕೆ ಕೂತ. ಬೆನ್ನಿಗೆ ನೀರು ಹಾಕಲು ತಂಬಿಗೆ ಎತ್ತಿದ ಮಾನಮ್ಮ ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ಇದೇನೋ ಮರ್ಯಾ?"

"ಹೆಗಲು ಹಣ್ಣಾಗ್ಯಾದಕ್ಕಾ. ಹಮಾಲರಿಗೆ ಎಲ್ಲಾರಿಗೂ ಆಗ್ತದ."

"ಎಲ್ಲಾರಿಗೂ ಆಗ್ತದಂದ್ರ ಒಬ್ಬರಿಂದ ಒಬ್ಬರಿಗೆ ಹತ್ತತದಂತ ಆತಲ್ಲ."

ಎರಡು ವರ್ಷದ ಹಿಂದೆ ಪ್ಲೇಗು ಬಂದಾಗ ಮಾನಮ್ಮನ ಗಂಡ ಕಂಕುಳಲ್ಲಿ ಗಂಟು ಎದ್ದ ಮೂರನೆಯ ದಿನ ಸತ್ತಿದ್ದ. ಅಂದಿನಿಂದ ಅವಳಿಗೆ ಮೈಮೇಲೆ ಎದ್ದದ್ದೆಲ್ಲ ಒಂದೇ. ತಮ್ಮನನ್ನು ತಾಯಿ ಸತ್ತ ಮೇಲೆ ಸಾಕಿದವಳು ಅವಳೇ. ಹೆದರಿಕೆಯ ಮುಂದೆ ಅದು ಲೆಕ್ಕಕ್ಕೆ ಬರಲಿಲ್ಲ. ಅವತ್ತು ಮರೆಪ್ಪ ಮಗಳನ್ನು ನೋಡಿದ್ದು ಪಡಸಾಲೆಯ ಆಚೆ ತುದಿಯಿಂದ. ತೊಟ್ಟಿಲಲ್ಲಿ ಒಂದು ಸಣ್ಣ ಮುಷ್ಟಿ ಕಾಣಿಸಿತು, ಅಷ್ಟೇ.

"ನಿನ್ನ ಕುಂಡಿ ತೊಳದು ದೊಡ್ಡವನ ಮಾಡೀನಿ, ಸಿಟ್ಟಾಗಬ್ಯಾಡ," ಎಂದಳು ಮಾನಮ್ಮ, ಊಟಕ್ಕೆ ಬಡಿಸುತ್ತ. "ಆ ಹೆಗಲು ಸ್ವಚ್ಛ ಆಗೋತನಾ ಹೆಂಡ್ತೀನೂ ಇಲ್ಲ, ಕೂಸೂ ಇಲ್ಲ."

ಅಂಬಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ತಲೆಗೆ ಬಾಣಂತಿಯ ಬಟ್ಟೆ ಕಟ್ಟಿತ್ತು, ಕಿವಿಯಲ್ಲಿ ಹತ್ತಿ ಇತ್ತು. ಎಣ್ಣೆ ತೀಡುವ ಹಾಗೆ ಎರಡು ಹೆಬ್ಬೆರಳನ್ನು ಗಾಳಿಯಲ್ಲಿ ಆಡಿಸಿ ತೋರಿಸಿದಳು.

ಮುಂದಿನ ಗುರುವಾರದಿಂದ ಎಣ್ಣೆಯ ಸೀಸೆ ಬರತೊಡಗಿತು. ಗುರುವಾರ ಕಲಬುರ್ಗಿಯ ದರ್ಗಾಕ್ಕೆ ಜನ ಹೆಚ್ಚು ಎಂದು ಬಾಳೆ ಮಾರುವ ಮಾಣಿಕಪ್ಪನ ಗಾಡಿ ಕಮಲಾಪುರದಿಂದ ಕೆಂಪು ಬಾಳೆಗೊನೆ ಹೇರಿಕೊಂಡು ಬರುತ್ತಿತ್ತು. ಗೊನೆಗಳ ನಡುವೆ ಒಣ ಎಲೆಯಲ್ಲಿ ಸುತ್ತಿದ ಒಂದು ಸೀಸೆ, ಬಿರಡೆಗೆ ಅಂಬಮ್ಮನ ಹಸಿರು ಸೀರೆಯ ಚಿಂದಿ. ಮರೆಪ್ಪ ದಿನಕ್ಕೆ ಒಂದು ಸಲ ಹಚ್ಚುತ್ತಿದ್ದವನು ಈಗ ಎರಡು ಸಲ ಹಚ್ಚಿದ. ಬೆಳಿಗ್ಗೆ ಹಚ್ಚಿ ಅದರ ಮೇಲೆ ಗೋಣಿ ಹಾಕಿಕೊಂಡು ಚೀಲ ಹೊತ್ತ. ರಾತ್ರಿ ಹಚ್ಚಿ ಅದರಲ್ಲೇ ಮಲಗಿದ. ಕೈ ಹಿಂದಕ್ಕೆ ಎಟುಕದ ಕಡೆ ಗೋಡೆಗೆ ಬೆನ್ನು ಉಜ್ಜಿದ. ಗೋಡೆಯ ಮೇಲೆ ಎಣ್ಣೆಯ ದೊಡ್ಡ ಕಲೆ ಬಿತ್ತು. ಕೋಣೆಯೆಲ್ಲ ಬೆಳ್ಳುಳ್ಳಿ ಅಜವಾನದ ವಾಸನೆ. ಕಣ್ಣು ಮುಚ್ಚಿದರೆ ಅವಳು ಹಿಂದೆ ಕೂತಿದ್ದಾಳೆ ಅನ್ನಿಸುತ್ತಿತ್ತು. ತೆರೆದರೆ ಹಿಂದೆ ಗೋಡೆ ಇರುತ್ತಿತ್ತು.

ಮೊಡವೆ ಇನ್ನಷ್ಟು ಹೆಚ್ಚಾದವು.

ಗಂಜಿಗೆ ತಿಂಗಳಿಗೆ ಒಂದೇ ರಜೆ, ಅಮಾವಾಸ್ಯೆ. ಅವತ್ತು ಕೋಳಿ ಕೂಗುವ ಮೊದಲೇ ಹೊರಟು ಏಳು ಹರದಾರಿ ನಡೆದರೆ ಊಟದ ಹೊತ್ತಿಗೆ ಕಮಲಾಪುರ. ದೀಪಾವಳಿ ಅಮಾವಾಸ್ಯೆಗೆ ಹೋದಾಗ ಮಾನಮ್ಮ ಅವನನ್ನು ಬಿಸಿಲಲ್ಲಿ ನಿಲ್ಲಿಸಿ ಒಂದು ಜೋಳದ ದಂಟು ತೆಗೆದುಕೊಂಡು, ದನದ ವ್ಯಾಪಾರಿ ದನದ ಮೈ ನೋಡಿದ ಹಾಗೆ, ಹೆಗಲ ಮೇಲೆ ಅಲ್ಲಲ್ಲಿ ಒತ್ತಿದಳು. ಬೆರಳು ತಾಗಿಸಲಿಲ್ಲ.

"ಮೊದಲಿಗಿಂತ ದುಪ್ಪಟ್ಟ ಆಗ್ಯಾವ," ಎಂದಳು. "ಎಳ್ಳಮಾಸಿಗೆ ಬಾ. ಆವಾಗ ಕೂಸಿಗೆ ಐದು ತಿಂಗಳು. ಅಷ್ಟರಾಗ ಹೋಗಲಿಲ್ಲಂದ್ರ ಇದು ಹೋಗೋ ಬ್ಯಾನಿ ಅಲ್ಲ. ನನ್ನ ಮಗಳು ನನ್ನ ಹತ್ರನೇ ಇರ್ತಾಳ."

"ಎಲ್ಲೀತನಾ?"

"ನಾ ಇರೋತನಾ."

ಮಾನಮ್ಮ ಒಮ್ಮೆ ಆಡಿದರೆ ಆಡಿದ್ದೇ. ಮರೆಪ್ಪನಿಗೆ ಅದು ಹುಟ್ಟಿದಾಗಿನಿಂದ ಗೊತ್ತು.

ಮದ್ದು ಸಿಕ್ಕಿದ್ದು ಬೈಗುಳದ ರೂಪದಲ್ಲಿ. ದೀಪಾವಳಿ ಕಳೆದ ವಾರ ರೈಲಿನಲ್ಲಿ ಬಂದ ಸೋನಾಮುಖಿ ಎಲೆಯ ಚೀಲಗಳನ್ನು ದರ್ಗಾದ ದಾರಿಯ ಒಂದು ಗಿಡಮೂಲಿಕೆ ಅಂಗಡಿಗೆ ಹೊತ್ತು ಹಾಕಬೇಕಿತ್ತು. ಅಂಗಡಿ ನಡೆಸುವವಳು ಲತೀಫಾ ಬೀಬಿ, ಅರವತ್ತು ದಾಟಿದ ವಿಧವೆ. ಮರೆಪ್ಪ ಚೀಲ ಇಳಿಸಿದ. ಚೀಲದ ಮೇಲೆ ಹಳದಿ ಕೆಂಪು ಕೂಡಿದ ಒಂದು ಒದ್ದೆ ಕಲೆ ಇತ್ತು.

"ಯಾ ಅಲ್ಲಾ! ದವಾದ ಮಾಲಿಗೆ ಕೀವು ಹಚ್ಚಿ ತಂದೀಯಲ್ಲೋ! ಇದನ್ನ ಯಾರು ಕುಡೀಬೇಕು, ನಿಮ್ಮಪ್ಪ?" ಮುದುಕಿ ಚೀಲ ಬಿಟ್ಟು ಅವನ ಬೆನ್ನ ಹಿಂದೆ ಬಂದಳು. ಗೋಣಿ ಎತ್ತಿ ನೋಡಿದಳು. ಮೂಗು ಮುಚ್ಚಿಕೊಂಡಳು. "ಹೆಗಲಿಗೆ ಏನು ಹಚ್ಚತೀ?"

"ಎಣ್ಣಿ, ಬೀಬೀ."

"ಅದರ ಮ್ಯಾಲ ಈ ಗೋಣಿ?"

"ಹೌದ್ರಿ."

"ಒಡದ್ರ?"

"ಮತ್ತಷ್ಟು ಎಣ್ಣಿ."

ಲತೀಫಾ ಬೀಬಿ ನಕ್ಕಳು. ಬಾಯಲ್ಲಿ ಮೂರು ಹಲ್ಲು ಕಂಡವು. "ನನ್ನ ಮನಿಯವರು ತಾಲೀಮಿನ ಉಸ್ತಾದ ಇದ್ದರು. ಮೂವತ್ತು ವರ್ಷ ಪೈಲವಾನರ ಬೆನ್ನು ನೋಡೀನಿ. ಎಣ್ಣಿ ಬಳಕೊಂಡು ಮಣ್ಣಾಗ ಹೊರಳಾಡಿ ತೊಳಕೊಳ್ಳದೆ ಮಲಗೋ ಗಧಾಗಳಿಗೆಲ್ಲ ನಿನ್ನಂಗೇ ಆಗ್ತಿತ್ತು. ಮೈಯಾಗ ಬೆವರು ಬರೋ ತೂತು ಅದಾವಲ್ಲ, ಅದಕ್ಕ ನೀ ಎಣ್ಣಿ ಬೆಣಿ ಹೊಡೀಲಾಕತ್ತಿ, ಮ್ಯಾಲ ಗೋಣಿ ತಿಕ್ಕಲಾಕತ್ತಿ. ಒಳಗಿನ ಹೊಲಸು ಎಲ್ಲಿಂದ ಹೊರಗ ಬರಬೇಕು?"

"ಇದು ಹತ್ತೋ ಬ್ಯಾನಿ ಏನ್ರಿ? ಕೂಸಿಗೆ ಹತ್ತತದೇನ್ರಿ?"

ಅವನ ದನಿಯಲ್ಲಿ ಏನೋ ಕೇಳಿಸಿ ಮುದುಕಿ ನಗುವುದನ್ನು ಬಿಟ್ಟಳು. "ಮೊಡವಿ ಹತ್ತಂಗಿಲ್ಲ ಬೇಟಾ. ಮೊಡವಿ ಯಾರಿಗೂ ಹತ್ತಿಲ್ಲ."

ಆಮೇಲೆ ಹೇಳಿದಳು, ಒಂದೊಂದನ್ನೂ ಬೆರಳು ಮಡಚಿ ಅವನಿಂದ ತಿರುಗಿ ಹೇಳಿಸಿದಳು. ಕುತ್ತಿಗೆಯ ಕೆಳಗೆ ಎಣ್ಣೆಯ ಹನಿಯೂ ಬೀಳಬಾರದು. ಜುಟ್ಟಿಗೆ ಹಚ್ಚಿದರೆ ಜುಟ್ಟು ಮೇಲೆ ಕಟ್ಟಬೇಕು. ಕೆಲಸ ಮುಗಿದ ಗಳಿಗೆಯಲ್ಲೇ, ಬೆವರು ಆರುವ ಮೊದಲು, ಬೇವಿನ ಎಲೆ ಕುದಿಸಿದ ನೀರು ಉಗುರುಬೆಚ್ಚಗೆ ಮಾಡಿ ಕಡಲೆಹಿಟ್ಟಿನಿಂದ ತೊಳೆಯಬೇಕು, ಅಂಗೈಯಿಂದ, ಮೆಲ್ಲಗೆ. ಇಟ್ಟಂಗಿ ಚೂರು ಬಿಸಾಡಬೇಕು. ಮುಳ್ಳು ಬಿಸಾಡಬೇಕು, ಹಿಂಡಿದಷ್ಟೂ ಕಲೆ ಆಳಕ್ಕೆ ಇಳಿಯುತ್ತದೆ. ಗೋಣಿಯನ್ನು ಕುದಿಸಿ ಒಗೆಯಬೇಕು, ಅದರ ಕೆಳಗೆ ಹತ್ತಿಬಟ್ಟೆಯ ಮಡಿಕೆ ಇಡಬೇಕು. ಅಂಥವು ಎರಡು ಇರಬೇಕು, ಒಂದು ಮೈಮೇಲೆ, ಒಂದು ಬಿಸಿಲಲ್ಲಿ. ಕೊನೆಗೆ ಶುದ್ಧಮಾಡಿದ ಗಂಧಕದ ನುಣ್ಣನೆ ಪುಡಿಯ ಒಂದು ಪೊಟ್ಟಣ ಕೊಟ್ಟಳು. ಅದನ್ನು ಗುಲಾಬಿ ನೀರಲ್ಲಿ ಕಲಸಿ ದಿನ ಬಿಟ್ಟು ದಿನ ಗುಳ್ಳೆಯ ಮೇಲಷ್ಟೇ ಮುಟ್ಟಿಸಬೇಕು, ಉರಿದರೆ ತೊಳೆದುಬಿಡಬೇಕು.

"ಎಷ್ಟು ದಿನಕ್ಕ ಹೋಗ್ತಾವ್ರಿ?"

"ಎರಡು ತಿಂಗಳು. ಮೊದಲನೇ ಹದಿನೈದು ದಿನ ಏನೂ ಫರಕ್ ಕಾಣಂಗಿಲ್ಲ, ಆವಾಗ ನನಗ ಬೈಬ್ಯಾಡ. ಗುಳ್ಳಿ ಹೋದ್ರೂ ಕಲಿ ಇರ್ತಾವ. ಕಲಿ ಹೋಗಲಾಕ ವರ್ಷ ಹಿಡೀತದ."

ಎಳ್ಳಮಾವಾಸ್ಯೆಗೆ ಉಳಿದದ್ದು ಏಳೇ ವಾರ.

ಆ ಗುರುವಾರ ಮಾಣಿಕಪ್ಪ ಸೀಸೆ ತಂದ. ಮರೆಪ್ಪ ಅದನ್ನೂ, ಹಿಂದಿನ ವಾರದ ಅರ್ಧ ಸೀಸೆಯನ್ನೂ ಅವನ ಕೈಗೆ ತಿರುಗಿ ಇಟ್ಟ.

"ಎಣ್ಣಿ ಸಾಕು ಅಂತ ಹೇಳು ಕಾಕಾ. ದರ್ಗಾದ ಹಾದ್ಯಾಗ ಒಬ್ಬಾಕಿ ಬೀಬಿ ಹೆಗಲು ನೋಡ್ಯಾಳ, ಮದ್ದು ಕೊಟ್ಟಾಳ."

ಮಾಣಿಕಪ್ಪ ಬಾಳೆಗೊನೆ ಒಯ್ಯುವಷ್ಟೇ ಜೋಪಾನವಾಗಿ ಮಾತನ್ನೂ ಒಯ್ಯುತ್ತಾನೆ ಎಂದು ಮರೆಪ್ಪ ನಂಬಿದ್ದ. ಮುಂದಿನ ಗುರುವಾರ ಕೇಳಿದ: "ಏನಂದ್ಲು?"

"ಏನೂ ಅನ್ಲಿಲ್ಲಪ್ಪ. ಸೀಸೆ ತಗೊಂಡು ಒಳಗ ಹೋದ್ಲು."

ಅದರ ಮುಂದಿನ ವಾರವೂ ಇಷ್ಟೇ ಉತ್ತರ. ಅದರ ಮುಂದಿನ ವಾರ ಮರೆಪ್ಪ ಕೇಳಲಿಲ್ಲ. ಗಾಡಿಯಿಂದ ಗೊನೆಗಳನ್ನು ಇಳಿಸಲು ಕೈ ಹಚ್ಚಿದ, ಅಡಿಯಲ್ಲಿ ಒಣ ಎಲೆ ಸರಿಸಿ ನೋಡಿದ. ಏನೂ ಇರಲಿಲ್ಲ.

ಗೋಣಿ ಕುದಿಸಿದ ದಿನ ಗಂಜಿನಲ್ಲಿ ದೊಡ್ಡ ಗುಲ್ಲಾಯಿತು. ದತ್ತಪ್ಪ ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡಿದ. "ಬರ್ರೆಪಾ, ಮದಿಮಗ ಬಂದಾನ! ಕಡ್ಲಿಹಿಟ್ಟು ಹಚಗೊಂಡು ಜಳಕಾ ಮಾಡ್ಯಾನ, ಗೋಣಿಗೂ ಮಡಿ ಉಡಿಸ್ಯಾನ. ಅಕ್ಕಿಕಾಳು ಎಲ್ಲಿ ಅದಾವ್ರೋ?"

"ತಂದು ಹಾಕು ಯಜಮಾನ, ಎರಡನೇ ಲಗ್ನಕ್ಕ ತಯಾರ ಅದೀನಿ," ಎಂದ ಮರೆಪ್ಪ.

"ಮೊದಲನೇದೇ ತವರಿಗೆ ಓಡಿ ಹೋಗ್ಯದಲ್ಲೋ!"

ಎಲ್ಲರೂ ನಕ್ಕರು. ಮರೆಪ್ಪನೂ ನಕ್ಕ. ನಕ್ಕು ನೂರು ಸೇರಿನ ಚೀಲ ಎತ್ತಿಕೊಂಡು ಹೋದ.

ಲತೀಫಾ ಬೀಬಿ ಹೇಳಿದಂತೆ ಹದಿನೈದು ದಿನ ಏನೂ ಆಗಲಿಲ್ಲ. ಗಂಧಕ ತಾಗಿದ ಕಡೆ ಚರ್ಮ ಒಣಗಿ ಹೊಟ್ಟು ಎದ್ದಿತು, ತುರಿಸಿತು. ಉಗುರು ತಾಗದಂತೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಮೂರನೆಯ ವಾರದಿಂದ ಹೊಸ ಗುಳ್ಳೆ ಏಳುವುದು ಕಡಿಮೆಯಾಯಿತು. ಐದನೆಯ ವಾರ ಅಂಗಿ ಮೈಗೆ ಅಂಟದೆ ಬಿಚ್ಚಿಕೊಂಡಿತು. ಗೆದ್ದೆ ಎಂದು ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳಲು ಕೋಣೆಯಲ್ಲಿ ಗೋಡೆಯ ಮೇಲಿನ ಎಣ್ಣೆಯ ಕಲೆ ಬಿಟ್ಟು ಬೇರೆ ಯಾರೂ ಇರಲಿಲ್ಲ.

ಆ ಕಲೆ ಒಣಗಿ ವಾಸನೆ ಹೋಗಿತ್ತು. ಈಗ ಕೋಣೆಯಲ್ಲಿ ಬೇವಿನ, ಸುಟ್ಟ ಬೆಂಕಿಕಡ್ಡಿಯಂಥ ಗಂಧಕದ ವಾಸನೆ. ಮರೆಪ್ಪ ಒಂದು ಖಾಲಿ ಸೀಸೆಯನ್ನು ಮಾತ್ರ ಹಿಂದಕ್ಕೆ ಕೊಟ್ಟಿರಲಿಲ್ಲ. ಸಂಜೆ ಬೆನ್ನು ತೊಳೆದು ಹೊಸ್ತಿಲ ಮೇಲೆ ಕೂತು ಅದರ ಹಸಿರು ಚಿಂದಿ ತೆಗೆದು ಮೂಗಿಗೆ ಹಿಡಿಯುತ್ತಿದ್ದ, ತಿರುಗಿ ಬಿಗಿಯಾಗಿ ಮುಚ್ಚುತ್ತಿದ್ದ, ಒಳಗಿರುವುದು ಖರ್ಚಾಗಬಾರದು ಎಂಬಂತೆ. ಬರಿ ಹೆಗಲಿಗೆ ಗಾಳಿ ತಾಗುತ್ತಿತ್ತು. ವಾಸಿಯಾಗುತ್ತಿರುವ ಹೆಗಲು, ಯಾರೂ ಮುಟ್ಟದ ಹೆಗಲು. ಹೊಲಸಾಗಿದ್ದಾಗಲೇ ಅದನ್ನು ದಿನಾ ಮುಟ್ಟುವವರಿದ್ದರು.

ಎಳ್ಳಮಾವಾಸ್ಯೆಯ ದಿನ ಕಮಲಾಪುರದಲ್ಲಿ ಮನೆಗಳಿಗೆ ಬೀಗ. ಊರೆಲ್ಲ ಬೆಳೆಯ ಪೂಜೆಗೆ ಹೊಲದಲ್ಲಿತ್ತು. ಮಾನಮ್ಮನ ಎರಡೆಕರೆ ತುಂಡಿನಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು. ಬನ್ನಿಗಿಡದ ಕೆಳಗೆ ಬುಟ್ಟಿ ಇಳಿಸಿ ಸಜ್ಜಿ ರೊಟ್ಟಿ, ಭಜ್ಜಿ, ಕಡುಬು ಹರವಿದ್ದರು. ಗಿಡದ ಕೊಂಬೆಗೆ ಕಟ್ಟಿದ ಜೋಳಿಗೆಯಲ್ಲಿ ಕೂಸು ಮಲಗಿತ್ತು. ಅಂಬಮ್ಮ ಕಡುಬು ಹಂಚುತ್ತಿದ್ದಳು. ಅವನು ಬಂದದ್ದು ನೋಡಿದಳು, ಮುಖ ಮೇಲೆತ್ತಲಿಲ್ಲ.

"ಅಂಗಿ ತಗಿ," ಎಂದಳು ಮಾನಮ್ಮ. ಕಾಲ ಬುಡದಲ್ಲಿ ಬಿದ್ದಿದ್ದ ಒಂದು ಜೋಳದ ದಂಟು ಎತ್ತಿಕೊಂಡಳು.

ಮರೆಪ್ಪ ಅಂಗಿ ತೆಗೆದು ಬಿಸಿಲಿಗೆ ಬೆನ್ನು ಕೊಟ್ಟ. ದಂಟು ಬಲ ಹೆಗಲಿಗೆ ಒತ್ತಿತು, ಎಡಕ್ಕೆ ಒತ್ತಿತು, ಬೆನ್ನಿಗೆ ಇಳಿಯಿತು. ಕೀವು ಬರಲಿಲ್ಲ. ನೋವೂ ಇರಲಿಲ್ಲ.

"ಗುಳ್ಳಿ ಹೋಗ್ಯಾವ," ಎಂದಳು ಮಾನಮ್ಮ, ಒಲ್ಲದ ಮನಸ್ಸಿನಿಂದ. "ಆದ್ರ ಈ ಕರಿ ಕಲಿ ಏನು? ಒಳಗ ಬೇರು ಅದ ಅಂತಾತಲ್ಲ."

"ಕಲಿ ಹೋಗಲಾಕ ವರ್ಷ ಬೇಕಕ್ಕಾ."

"ಹಂಗಾರ ವರ್ಷ ಬಿಟ್ಟು ಬಾ."

ಮರೆಪ್ಪ ಏಳು ವಾರ ತೊಳೆದದ್ದು, ಕುದಿಸಿದ್ದು, ನಗೆಪಾಟಲಾದದ್ದು ಎಲ್ಲ ಆ ದಂಟಿನ ತುದಿಯಲ್ಲಿ ನಿಂತಿತ್ತು.

"ಯಾರದು ಆ ಬೀಬಿ?" ಅಂಬಮ್ಮ ಕಡುಬಿನ ಬುಟ್ಟಿ ಕೆಳಗಿಟ್ಟು ಕೇಳಿದಳು.

"ಯಾವ ಬೀಬಿ?"

"ದರ್ಗಾದ ಹಾದ್ಯಾಗಿನಾಕಿ. 'ನಿನ್ನ ಎಣ್ಣಿ ಬ್ಯಾಡಂತವ್ವ, ಅಲ್ಲೊಬ್ಬಾಕಿ ಬೀಬಿ ಅವನ ಹೆಗಲು ನೋಡಕೋತಾಳಂತ' ಅಂತ ಮಾಣಿಕಪ್ಪ ಕಾಕಾ ಊರ ಅಗಸ್ಯಾಗ ನಿಂತು ಹೇಳ್ದಾ. ಊರೇ ಕೇಳ್ತು."

ಮರೆಪ್ಪನಿಗೆ ಒಮ್ಮೆಲೇ ಏಳು ವಾರಗಳ ಮೌನ ಅರ್ಥವಾಯಿತು. "ಅರವತ್ತು ದಾಟ್ಯಾಳ ಆಕಿ. ಬಾಯಾಗ ಮೂರು ಹಲ್ಲು ಅದಾವ."

"ಮೂರೇ?"

"ಎಣಿಸೀನಿ."

ಅಂಬಮ್ಮನ ತುಟಿ ಅಲುಗಿತು. ನಗಲಿಲ್ಲ. "ಎಣ್ಣಿ ಯಾಕ ತಿರಗಿ ಕಳಸ್ದಿ?"

ಸುಳ್ಳು ಹೇಳಬಹುದಿತ್ತು. ಮರೆಪ್ಪ ಹೇಳಲಿಲ್ಲ. "ಎಣ್ಣಿಯಿಂದೇ ಹೆಚ್ಚಾಗಿದ್ವು. ಗೋಣಿ, ಬೆವರು, ಅದರ ಮ್ಯಾಲ ಎಣ್ಣಿ. ತೂತು ಮುಚ್ಚಿ ಒಳಗೇ ಕೊಳೀತಿತ್ತು."

"ಅಂದ್ರ ನಾನೇ ಮಾಡೀನಿ."

"ನೀ ಒಬ್ಬಾಕೇ ಅಲ್ಲ. ನೀನೂ."

ಅವಳು ಸ್ವಲ್ಪ ಹೊತ್ತು ತನ್ನ ಎರಡೂ ಅಂಗೈ ನೋಡಿಕೊಂಡಳು. ಕಡುಬಿನ ಹಿಟ್ಟು ಮೆತ್ತಿತ್ತು, ಸೆರಗಿಗೆ ಒರೆಸಿದಳು. ಎದ್ದು ಬಂದು ಅವನ ಹಿಂದೆ ನಿಂತು ತಾಯಿ ನೋಡುತ್ತಿದ್ದಂತೆಯೇ ಎರಡೂ ಒಣ ಅಂಗೈಗಳನ್ನು ಎರಡೂ ಹೆಗಲ ಮೇಲೆ ಊರಿದಳು. ಕಪ್ಪು ಕಲೆಗಳ ಮೇಲೆ ಒಂದೊಂದಾಗಿ ಹೆಬ್ಬೆರಳು ಒತ್ತಿದಳು. ಕುತ್ತಿಗೆಯ ಹಿಂದಿನ ಗಂಟಿಗೆ ಬಂದು ನಿಂತಳು. ಮರೆಪ್ಪ ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ತೆರೆದಾಗ ಗೋಡೆ ಇರುತ್ತದೆಂಬ ಅಂಜಿಕೆ.

ಆಮೇಲೆ ಅವಳು ಅದೇ ಕೈಯಿಂದ ಜೋಳಿಗೆಯಲ್ಲಿದ್ದ ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡಳು.

"ಹುಚ್ಚಿ! ಕೈ ತೊಳಕೋ!" ಮಾನಮ್ಮ ಚೀರಿದಳು.

"ಆತು, ಮುಟ್ಟೀನಿ. ಹತ್ತೋದಿದ್ರ ನನಗೂ ಹತ್ತಿತು, ಕೂಸಿಗೂ ಹತ್ತಿತು. ಇನ್ನ ನಮ್ಮನ್ನ ಇಟಗೊಂಡು ಏನ್ಮಾಡ್ತಿ? ಇವತ್ತು ಅಮಾಸಿ, ನಾಳೆ ಪಾಡ್ಯ, ನೀ ಹೊಸಲು ದಾಟಸಂಗಿಲ್ಲ. ಬೇಸ್ತವಾರ ಮಾಣಿಕಪ್ಪ ಕಾಕಾನ ಗಾಡಿ ಹತ್ತತೀನಿ."

ಮಾನಮ್ಮ ದಂಟನ್ನು ಎರಡು ತುಂಡು ಮಾಡಿ ಬಿಸಾಡಿದಳು. ಬಹಳ ಹೊತ್ತು ಜೋಳದ ತೆನೆಗಳ ಕಡೆ ನೋಡಿದಳು. ಅವಳ ಗಂಡನನ್ನು ಮಣ್ಣು ಮಾಡಿದ್ದು ಆ ಹೊಲದ ಬದುವಿನ ಆಚೆಗೆ.

"ಬಾಳಿಗೊನಿ ಮ್ಯಾಲ ಕೂಡಬ್ಯಾಡ," ಎಂದಳು ಕೊನೆಗೆ. "ಹಣ್ಣಿಗೆ ಕಲಿ ಬೀಳ್ತಾವ. ಮಾಣಿಕ್ಯಾ ಬಾಯಿ ಮಾಡ್ತಾನ."

ಮರುದಿನ ಬೆಳಿಗ್ಗೆ ಮರೆಪ್ಪ ಒಬ್ಬನೇ ಏಳು ಹರದಾರಿ ತಿರುಗಿ ನಡೆದ. ಮಗಳನ್ನು ಎತ್ತಿಕೊಳ್ಳಲು ಈ ಸಲವೂ ಆಗಿರಲಿಲ್ಲ. ಮಾನಮ್ಮ ಅಷ್ಟನ್ನು ಮಾತ್ರ ತಡೆದಿದ್ದಳು, ಅವನೂ ಹಟ ಮಾಡಲಿಲ್ಲ. ಹೊರಡುವಾಗ ಅಂಬಮ್ಮ ಕೇಳಿದ್ದಳು: "ಎಣ್ಣಿ ತೀಡೋದಿಲ್ಲಂದ ಮ್ಯಾಲ ನನ್ನ ಕೈಗೇನು ಕೆಲಸ?"

"ನೀರು ಹಾಕು. ಬೆನ್ನಿಗೆ ನನ್ನ ಕೈ ಎಟಕಂಗಿಲ್ಲ."

ಗುರುವಾರ ದತ್ತಪ್ಪನನ್ನು ಕಾಡಿ ಬೇಡಿ ಹೊತ್ತು ಮುಳುಗುವ ಮೊದಲೇ ಕೋಣೆಗೆ ಬಂದ. ಬೇವಿನ ನೀರು ಕುದಿಸಿ ಆರಲು ಇಟ್ಟ. ತೊಳೆದುಕೊಳ್ಳಲಿಲ್ಲ, ಬೆವರು ಆರುವ ಮೊದಲು ಅವಳು ಬಂದರೆ ಸರಿ, ಬರದಿದ್ದರೆ ಒಂದು ದಿನ ಕೆಟ್ಟರೂ ಕೆಡಲಿ ಎಂದುಕೊಂಡ. ಹೊಸ್ತಿಲ ಮೇಲೆ ಕೂತು ರಸ್ತೆ ನೋಡಿದ. ಬೇರೆ ಗಾಡಿಗಳು ಹೋದವು. ನೀರು ಆರಿತು. ಇನ್ನೊಮ್ಮೆ ಕಾಸಿದ.

ಮಾಣಿಕಪ್ಪನ ಗಾಡಿ ತಿರುವಿನಲ್ಲಿ ಕಂಡಾಗ ಕೆಂಪು ಗೊನೆಗಳ ರಾಶಿ ಇಷ್ಟೆತ್ತರ ಇತ್ತು. ಅದರ ಹಿಂದೆ ಯಾರಾದರೂ ಕೂತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಮರೆಪ್ಪ ಎದ್ದು ನಿಂತ. ಎತ್ತುಗಳು ತಮ್ಮ ಪಾಡಿಗೆ ಮೆಲ್ಲಗೆ ಬರುತ್ತಿದ್ದವು. ಮಾಣಿಕಪ್ಪ ಕೈ ಎತ್ತಲೂ ಇಲ್ಲ, ಏನೂ ಹೇಳಲೂ ಇಲ್ಲ.

ಆಗ ಗೊನೆಗಳ ಹಿಂದೆ ಒಂದು ಕೂಸು ಗಂಟಲು ಹರಿಯುವ ಹಾಗೆ ಅತ್ತಿತು.

ಮರೆಪ್ಪ ತನ್ನ ಕೈ ನೋಡಿಕೊಂಡ. ತೊಗರಿಯ ಧೂಳು ಮೊಳಕೈತನಕ ಇತ್ತು. ಗಾಡಿ ನಿಲ್ಲುವ ಮೊದಲೇ ಅವನು ಕೈ ತೊಳೆಯಲು ಒಳಗೆ ಓಡಿದ.